ತೊಗಲಿನ ಗುರುತು

ಭಗವಂತರಾಯ ಹಟ್ಟಿಯಲ್ಲಿ ಮಲಗತೊಡಗಿ ಹದಿನೈದು ದಿನವಾಗಿತ್ತು. ಕುರಿ ಸಾಕುವವನು ಹಟ್ಟಿಯಲ್ಲಿ ಮಲಗಿದರೆ ಅದೇನು ದೊಡ್ಡ ಸುದ್ದಿ ಎಂದು ಯಾರಾದರೂ ಕೇಳಬಹುದು. ಆದರೆ ಹಿಂಡನ್ನೆಲ್ಲ ಮಗ ಮಲ್ಕಪ್ಪ ಹೊಡೆದುಕೊಂಡು ಹೋಗಿ, ಗೊಬ್ಬರಕ್ಕೆಂದು ಪಕ್ಕದೂರಿನ ರೈತರ ಹೊಲದಲ್ಲಿ ನಿಲ್ಲಿಸಿದ್ದ. ವನದುರ್ಗದ ಹಟ್ಟಿಯಲ್ಲಿ ಉಳಿದದ್ದು ಗೊರಸು ಹುಣ್ಣಾದ ಒಂದು ಟಗರು, ಎರಡು ಮರಿ. ಅಷ್ಟರ ಕಾವಲಿಗೆ ಮನೆಯ ಯಜಮಾನನೇ ಬೇಕೇ ಎಂಬುದು ಅವನ ಹೆಂಡತಿ ರೇಣಮ್ಮನ ಪ್ರಶ್ನೆ. ಪ್ರಶ್ನೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೂರುವ ಹೆಂಗಸು ಅವಳಲ್ಲ.

“ಮನಿ ಬ್ಯಾಡಾತೇನ್ರಿ ನಿಮಗ?” ಎಂದು ರೊಟ್ಟಿ ಬಡಿಯುತ್ತಲೇ ಕೇಳಿದಳು.

“ಟಗರಿನ ಕಾಲಿಗೆ ಔಷಧ ಹಚ್ಚಬೇಕು.”

“ಹದಿನೈದು ದಿನ ಹಚ್ಚತೀರೇನು? ಅಷ್ಟೊತ್ತಿಗೆ ಹೊಸಾ ಕಾಲೇ ಬರತಿತ್ತು.”

ಅವನ ತಾಯಿ ಮಲಕಮ್ಮ ಒಲೆಯ ಪಕ್ಕದಲ್ಲಿ ಕುಳಿತು ಮಗನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. “ಉಣ್ಣಾಗ ಕಾಡಬ್ಯಾಡವ್ವ ಅವನ್ನ. ಉಂಡದ್ದು ಮೈಗೆ ಹತ್ತವಲ್ದು.”

ಮುದುಕಿ ಹೇಳಿದ್ದು ನಿಜ. ಐದು ರೊಟ್ಟಿ ಉಂಡರೂ ಮೈ ಇಳಿಯುತ್ತಿತ್ತು. ದಿನಕ್ಕೆ ಒಂದು ಕೊಡ ನೀರು ಅವನೊಬ್ಬನಿಗೇ ಬೇಕಾಗುತ್ತಿತ್ತು. ಕೂರುವಾಗ ಒಂದು ಕೈ ನೆಲಕ್ಕೂರಿ ಮೆಲ್ಲಗೆ ಕೂರುತ್ತಿದ್ದ, ನಡೆಯುವಾಗ ಕಾಲು ಅಗಲಿಸಿ ನಡೆಯುತ್ತಿದ್ದ. ಎರಡು ಸಲ ಸುರಪುರದ ಕಚೇರಿಗೆಂದು ಹೋಗಿ ಬಂದಿದ್ದ. ಇದನ್ನೆಲ್ಲ ಕೂಡಿಸಿ ರೇಣಮ್ಮ ತನಗೆ ತೋಚಿದ ಲೆಕ್ಕವನ್ನು ಹಾಕಿದಳು. ಗಂಡಸು ಹೆಂಡತಿಯಿಂದ ದೂರ ಮಲಗಿ ಕಚೇರಿಗೆ ಹೋಗುತ್ತೇನೆ ಎಂದರೆ ಇನ್ನಾವ ಲೆಕ್ಕ ತಾನೇ ಬರುತ್ತದೆ?

“ಸುರಪುರದಾಗ ಯಾವಾಕಿನ್ನರ ಇಟ್ಕೊಂಡೀರೇನು? ಹಂಗಿದ್ರ ಹೇಳಿಬಿಡ್ರಿ.”

ಭಗವಂತರಾಯ ತಟ್ಟೆ ಸರಿಸಿ ಎದ್ದ. ಅದೇ ಹೊತ್ತಿಗೆ ಎದುರು ಮನೆಯ ಹಜರಾಬೀ ಹೊಲಿದ ಕೌದಿ ಕೊಡಲು ಬಾಗಿಲಿಗೆ ಬಂದಳು. ಅವಳನ್ನು ಕಂಡದ್ದೇ ಅವನು ತಲೆ ತಗ್ಗಿಸಿ ಹಿತ್ತಲ ಬಾಗಿಲಿನಿಂದ ಹೊರಟುಹೋದ. ಎರಡು ವರ್ಷದಿಂದ ಹಾಗೇ. ಹಜರಾಬೀಯ ಗಂಡ ಜಮಾಲಸಾಬ ಹಳ್ಳಿಗಳಲ್ಲಿ ಕುರಿ ಕೊಂಡು ಯಾದಗಿರಿಯಲ್ಲಿ ಮಾರುತ್ತಿದ್ದ. ನಿಜಾಮನ ಆಳಿಕೆ ಮುಗಿಸಿದ ಪೊಲೀಸ್ ಆಕ್ಷನ್ನಿನ ಗದ್ದಲದಲ್ಲಿ ಹೋದವನು ಮರಳಿ ಬರಲಿಲ್ಲ, ಹೆಣವೂ ಸಿಗಲಿಲ್ಲ. ಗೆಳೆಯನ ಹೆಂಡತಿಯ ಮುಖ ನೋಡಿದರೆ ಇವನಿಗೆ ದುಃಖ ಬರುತ್ತದೆ ಎಂದು ರೇಣಮ್ಮ ತಿಳಿದಿದ್ದಳು.

ಆ ವಾರವೇ ಮಲಕಮ್ಮ ಹಟ್ಟಿಯ ಹಿಂದಿನಿಂದ ಬೈಯುತ್ತ ಬಂದಳು. “ಯಾರು ಬೆಲ್ಲದ ನೀರು ಚೆಲ್ಲ್ಯಾರ ಅಲ್ಲಿ? ಕಲ್ಲಿನ ಮ್ಯಾಲ ಇರಿವಿ ಸಾಲುಗಟ್ಟಿ ಹೊಂಟಾವ.”

ರೇಣಮ್ಮ ಹೋಗಿ ನೋಡಿದಳು. ಅದು ಗಂಡ ಉಚ್ಚೆ ಹೊಯ್ಯುವ ಕಲ್ಲು. ಅವಳಿಗೆ ತಲೆಬುಡ ತಿಳಿಯಲಿಲ್ಲ. ಮರುದಿನ ಹಳ್ಳದಲ್ಲಿ ಅವನ ಧೋತರ ಒಗೆಯುವಾಗ ಮಾತ್ರ ಅದನ್ನು ಬಿಡಿಸಿ ಬಿಸಿಲಿಗೆ ಹಿಡಿದು ನೋಡಿದಳು. ಒಳಮಗ್ಗುಲಲ್ಲಿ ರಕ್ತದ ಕಲೆ, ಅದರ ಸುತ್ತ ಹಸಿರು ನೀಲಿ ಕಲೆ. ಆ ನೀಲಿ ಕುರುಬರ ಮನೆಯ ಕೂಸಿಗೂ ಗೊತ್ತು, ಕುರಿಯ ಗೊರಸಿನ ಹುಣ್ಣಿಗೆ ಹಚ್ಚುವ ಮೈಲುತುತ್ತ. ಒದ್ದೆ ಬಟ್ಟೆಗಳನ್ನು ಬುಟ್ಟಿಯಲ್ಲಿ ತುರುಕಿಕೊಂಡು ನೇರ ಹಟ್ಟಿಗೆ ಬಂದಳು. ಭಗವಂತರಾಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ, ಹಲ್ಲು ಕಚ್ಚಿಕೊಂಡು ಅದನ್ನೇ ಹಚ್ಚಿಕೊಳ್ಳುತ್ತಿದ್ದ.

ಅವಳು ಅವನ ಕೈ ಹಿಡಿದು ಅವನನ್ನು ತನ್ನ ಕಡೆ ತಿರುಗಿಸಿ ನೋಡಿದಳು. ಗುಪ್ತಾಂಗದ ತುದಿಯ ತೊಗಲು ಬಾತು ಕೆಂಪಗಾಗಿತ್ತು. ಅಂಚೆಲ್ಲ ಒಡೆದ ಹಿಮ್ಮಡಿಯಂತೆ ಸೀಳಿತ್ತು. ಮೈಲುತುತ್ತ ತಾಗಿದಲ್ಲಿ ಸುಟ್ಟು ಕರಕಾಗಿತ್ತು.

“ಟಗರಿನ ಔಷಧ ನೀವು ಹಚ್ಕೊಂಡೀರಿ?”

“ಅದಕ ಹಚ್ಚಿದ್ನಿ, ವಾಸಿ ಆತು.”

“ನಿಮಗ ಗೊರಸು ಅದಾವೇನು?” ಎಂದವಳು ಅಲ್ಲೇ ಕುಳಿತಳು. ನಗುವೋ ಅಳುವೋ ಬಂತು, ಯಾವುದೆಂದು ಅವಳಿಗೇ ತಿಳಿಯಲಿಲ್ಲ. “ಯಾವಾಗಿಂದ?”

“ಶ್ರಾವಣದಾಗ ಕಡಿತ ಸುರು ಆತು. ಆಮ್ಯಾಲ ಮೊಸರಿನಂಥಾದ್ದು ಬರಾಕ ಹತ್ತಿತು. ಈಗ ತೊಗಲು ಹಿಂದ ಸರಿಯವಲ್ದು, ಉಚ್ಚಿ ಹೊಯ್ದ್ರ ಬೆಂಕಿ ಬಿದ್ದಂಗ ಆಗತದ.” ಅವನು ನೆಲ ನೋಡುತ್ತಲೇ ಹೇಳಿದ. “ಬೀರಪ್ಪನ ಆಣಿ ರೇಣಿ, ನಾ ಯಾ ಹೆಂಗಸಿನ ಹಂತ್ಯಾಕೂ ಹೋಗಿಲ್ಲ. ಸುರಪುರದ ದವಾಖಾನಿ ಬಾಗಿಲ ತನಕ ಎರಡು ಸಲ ಹೋಗಿ ಹೊಳ್ಳಿ ಬಂದ್ನಿ, ಯಾರಿಗರ ತೋರಿಸಿದ್ರ ಹಂಗೇ ಅಂತಾರಂತ ಸುಮ್ಮನಿದ್ನಿ.”

ಹಾಗೆ ಮೊದಲು ಅಂದವಳು ತಾನೇ ಎಂಬುದು ನೆನಪಾಗಿ ರೇಣಮ್ಮ ಮೈಲುತುತ್ತವನ್ನು ಅವನ ಕೈಯಿಂದ ಕಸಿದು ಆಚೆ ಇಟ್ಟಳು. ಮರುದಿನ ಬಂಡಿ ಹೂಡಿಸಿ ಗಂಡನನ್ನು ಶಹಾಪುರದ ದವಾಖಾನೆಗೆ ಕರೆದೊಯ್ದಳು. ಒಬ್ಬನನ್ನೇ ಕಳಿಸಿದರೆ ಚಹಾ ಕುಡಿದು ಹಿಂತಿರುಗುತ್ತಾನೆ ಎಂದು ತಾನೂ ಜೊತೆಗೆ ಹತ್ತಿ ಕುಳಿತಳು.

ಡಾಕ್ಟರ್ ಮಹಾದೇವಪ್ಪ ಆ ಊರಿಗೆ ಹೊಸಬರು, ಮಾತು ಕಡಿಮೆ. ನೋಡಿದರು, ಎಷ್ಟು ನೀರು ಕುಡಿಯುತ್ತೀ ಎಂದು ಕೇಳಿದರು. ಇರುವೆಯ ವಿಷಯವನ್ನು ರೇಣಮ್ಮ ಸುಮ್ಮನೆ ಬಾಯಿಗೆ ಬಂದದ್ದಕ್ಕೆ ಹೇಳಿದಳು. ಡಾಕ್ಟರು ತಲೆಯೆತ್ತಿ ಅವಳನ್ನು ನೋಡಿ, ಉಚ್ಚೆಯನ್ನು ಶೀಷೆಯಲ್ಲಿ ಹಿಡಿದು ತರಲು ಹೇಳಿದರು. ಒಂದು ಗಾಜಿನ ಕೊಳವೆಯಲ್ಲಿ ನೀಲಿ ನೀರಿತ್ತು. ಅದಕ್ಕೆ ಎಂಟು ಹನಿ ಬಿಟ್ಟು ದೀಪದ ಮೇಲೆ ಕಾಸಿದರು. ನೀಲಿ ಹೋಗಿ ಹಸಿರಾಯಿತು, ಹಳದಿಯಾಯಿತು, ಕೊನೆಗೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು.

“ಸಕ್ಕರಿ ರೋಗ ಅದ. ರಕ್ತದಾಗ, ಉಚ್ಚಿಯಾಗ ಸಕ್ಕರಿ ಹೆಚ್ಚಾಗ್ಯಾದ. ಅದು ತೊಗಲಿನ ಸಂದಿಯಾಗ ನಿಂತು ಬೂಷ್ಟು ಬೆಳದದ. ಬಾತು, ಸೀಳಿ, ಮತ್ತ ಕೂಡಿ, ಹಂಗಾಗಿ ತೊಗಲು ಬಿಗಿ ಆಗ್ಯಾದ. ಹೆಣ್ಣಿನಿಂದ ಬಂದದ್ದಲ್ಲ ಇದು.”

ರೇಣಮ್ಮ ಗಂಡನ ಕಡೆ ನೋಡಲಿಲ್ಲ.

“ಉಗುರು ಬೆಚ್ಚಗಿನ ನೀರಾಗ ಉಪ್ಪು ಹಾಕಿ ದಿನಾ ಎರಡು ಸಲ ತೊಳೀಬೇಕು. ಸಬಕಾರ ಮುಟ್ಟಿಸಬ್ಯಾಡ್ರಿ. ತೊಗಲು ಜಗ್ಗಬ್ಯಾಡ್ರಿ, ಜಗ್ಗಿದಷ್ಟೂ ಸೀಳತದ. ಆಮ್ಯಾಲ ಒರಸಿ ಈ ನೇರಳಿ ಬಣ್ಣದ ಔಷಧ ಹಚ್ಚರಿ. ಬೆಲ್ಲ, ಅನ್ನ, ಸಿಹಿ ಬಂದ್. ಮೈಲುತುತ್ತ ಟಗರಿಗೇ ಇರಲಿ.”

“ಟಗರಿಗೆ ಅಲ್ಲಿ ಹುಣ್ಣಾದ್ರ ಇವರೇ ಉಪ್ಪು ನೀರಾಗ ತೊಳೀತಾರ್ರಿ,” ಎಂದಳು ರೇಣಮ್ಮ. “ತಮಗ ಆದಾಗ ಬುದ್ಧಿ ಎಲ್ಲಿಟ್ಟಿದ್ರೋ.”

ಹತ್ತು ದಿನ ರೇಣಮ್ಮ ಕುರಿ ಮರಿ ಸಾಕಿದಂತೆ ಗಂಡನನ್ನು ನೋಡಿಕೊಂಡಳು. ನೀರು ಕಾಸುವುದು, ಬಟ್ಟೆ ಕುದಿಸುವುದು, ರೊಟ್ಟಿ ಎಣಿಸಿ ಹಾಕುವುದು. ಬಾವು ಇಳಿಯಿತು, ಉರಿ ಕಡಿಮೆಯಾಯಿತು. ಆದರೆ ಕಲ್ಲಿನ ಮೇಲಿನ ಇರುವೆ ಹೋಗಲಿಲ್ಲ. ಒಂದು ಮಧ್ಯಾಹ್ನ ಹಟ್ಟಿಗೆ ಹೋದಾಗ ಮಲಕಮ್ಮ ಸೆರಗಿನ ಮರೆಯಲ್ಲಿ ಮಗನಿಗೆ ಹೋಳಿಗೆ ತಿನ್ನಿಸುತ್ತಿದ್ದಳು.

“ಅತ್ತಿ, ವಿಷ ಹಾಕಾಕತ್ತೀರಿ ನೀವು.”

“ಹಡದಾಕಿ ವಿಷ ಹಾಕ್ತಾಳೇನ? ಎಲುಬು ಎದ್ದಾವ ಅವನವು. ನಿನ್ನ ಡಾಕ್ಟರಿಗೆ ಮಕ್ಕಳಿಲ್ಲೇನು?”

“ಅವರಿಗೆ ಬುದ್ಧಿಯರ ಅದ.”

“ನನಗ ಇಲ್ಲಂತೀಯೇನು? ನಿನ್ನ ಗಂಡನ್ನ ದೊಡ್ಡವನ್ನ ಮಾಡಿ ನಿನ್ನ ಕೈಯಾಗ ಇಟ್ಟಾಕಿ ನಾನು.”

ಭಗವಂತರಾಯ ಹೋಳಿಗೆಯ ಕೊನೆಯ ತುಣುಕನ್ನು ನುಂಗಿ ಮಿಕಮಿಕ ನೋಡಿದ. ಅವತ್ತು ಅತ್ತೆ ಸೊಸೆ ಇಬ್ಬರೂ ಉಣ್ಣಲಿಲ್ಲ. ಮರುದಿನ ಮುದುಕಿ ತಾನಾಗಿಯೇ ಬೆಲ್ಲದ ಗಡಿಗೆಯನ್ನು ತಂದು ಸೊಸೆಯ ಮುಂದೆ ಕುಕ್ಕಿದಳು. “ಎಲ್ಲೆರ ಮುಚ್ಚಿಡು. ನನ್ನ ಕೈ ತಡಿಯಂಗಿಲ್ಲ.”

ಹನ್ನೊಂದನೆಯ ದಿನ ಮತ್ತೆ ಶಹಾಪುರಕ್ಕೆ ಹೋದರು. ಡಾಕ್ಟರು ನೋಡಿ ಹುಬ್ಬು ಗಂಟಿಕ್ಕಿದರು. ಬಾವು ಇಳಿದಿತ್ತು, ಆದರೆ ಮೈಲುತುತ್ತ ಸುಟ್ಟಲ್ಲಿ ತೊಗಲು ಗಟ್ಟಿಯಾಗಿ ಬೆಳ್ಳಗಾಗಿ ಮುದುಡಿತ್ತು. ಉಚ್ಚೆಯ ದಾರಿ ಸೂಜಿಯ ಕಣ್ಣಿನಷ್ಟೇ ಉಳಿದಿತ್ತು.

“ಇದು ಔಷಧಕ್ಕ ಬಗ್ಗಂಗಿಲ್ಲ. ಆ ತೊಗಲು ಕೊಯ್ದು ತೆಗೀಬೇಕು. ತಡಾ ಮಾಡಿದ್ರ ಉಚ್ಚಿ ಕಟ್ಟತದ, ಜೀವಕ್ಕ ಬರತದ.”

ಕಂಪೌಂಡರ್ ಚೀಟಿ ಬರೆದ. ಆಗಿನ್ನೂ ದವಾಖಾನೆಯ ಕಾಗದ ಪತ್ರವೆಲ್ಲ ಉರ್ದುವಿನಲ್ಲೇ ನಡೆಯುತ್ತಿತ್ತು. ಬರೆದದ್ದನ್ನು ಅಭ್ಯಾಸಬಲದಿಂದ ಗಟ್ಟಿಯಾಗಿ ಓದಿದ. “ಭಗವಂತರಾಯ, ವನದುರ್ಗ, ಖತ್ನಾ.” ಮುಸಲ್ಮಾನರ ಸುನ್ನತಿಗೆ ಅನ್ನುವ ಆ ಮಾತು ಕೇಳಿ ಬೆಂಚಿನ ಮೇಲೆ ಕುಳಿತ ನಾಲ್ಕು ಜನ ತಿರುಗಿ ನೋಡಿದರು. ಭಗವಂತರಾಯ ಧೋತರ ಬಿಗಿದುಕೊಂಡು ಹೊರಗೆ ನಡೆದವನು ಬಂಡಿ ಹತ್ತಿ ಕುಳಿತ. 

ಮನೆಯಲ್ಲಿ ಕೋಲಾಹಲವೇ ಆಯಿತು. ಮಲಕಮ್ಮ ಎದೆ ಬಡಿದುಕೊಂಡಳು. “ಬೀರಪ್ಪನ ಪಲ್ಲಕ್ಕಿ ಹೊರೋ ಮೈ ಅದು. ಸುನ್ನತಿ ಮಾಡಿಸ್ಕೊಂಡ್ರ ಗುಡಿ ಮೆಟ್ಲ ಹತ್ತಸ್ತಾರೇನು?”

ಸುದ್ದಿ ಕೇಳಿ ಹಿಂಡು ಬಿಟ್ಟು ಬಂದಿದ್ದ ಮಲ್ಕಪ್ಪ ಬಾಗಿಲಲ್ಲಿ ನಿಂತು, “ಯಪ್ಪಾ, ಕೊಳತ ಗೊರಸು ನಾವು ಕೊಯ್ಯಂಗಿಲ್ಲೇನು? ಕೊಯ್ದ್ರ ಕುರಿ ಉಳೀತದ,” ಎಂದ.

“ನಾ ಕುರಿ ಅಲ್ಲಲೇ.”

“ಕುರಿಗಿಂತ ಕಡಿ ಮಾಡಾಕತ್ತೀರಿ,” ಎಂದಳು ರೇಣಮ್ಮ. “ಕುರಿಯರ ಹಿಡದ್ರ ನಿಂದರತದ.”

“ಸತ್ರ ಇದ್ದಂಗೇ ಸಾಯ್ತೀನಿ. ಸುಮ್ಮನಿರ್ರಿ ಎಲ್ಲಾರೂ.”

ಅವನು ಹಟ್ಟಿಗೆ ಹೋದ. ಉಣ್ಣುವ ಹೊತ್ತಾದರೂ ಬರದಿದ್ದಾಗ ರೇಣಮ್ಮ ರೊಟ್ಟಿ ಪಲ್ಯ ಹಿಡಿದು ಅಲ್ಲಿಗೇ ಹೋದಳು. ಅವನು ಟಗರಿನ ಬೆನ್ನಿನ ಮೇಲೆ ಕೈಯಿಟ್ಟು ಕುಳಿತಿದ್ದ. ಬೈಯಬೇಕೆಂದು ಬಂದವಳು ಅವನ ಮುಖ ನೋಡಿ ಪಕ್ಕದಲ್ಲಿ ಕುಳಿತಳು.

“ಮಂದಿ ಮಾತಿಗೆ ಅಂಜಿ ಸಾಯ್ತೀರೇನು? ನನ್ನ ಗತಿ ಏನು?”

“ಮಂದಿಗಲ್ಲ ರೇಣಿ. ಆ ತೊಗಲಿದ್ದದ್ದಕ್ಕ ನಾ ಇವತ್ತು ನಿನ್ನ ಮುಂದ ಕುಂತೀನಿ.”

ಅವಳಿಗೆ ಅರ್ಥವಾಗಲಿಲ್ಲ. ಅವನು ಟಗರಿಗೆ ಹೇಳುವಂತೆ ಅದರ ಕಡೆ ನೋಡುತ್ತ ಹೇಳಿದ. ಗದ್ದಲದ ವರ್ಷ ಅವನೂ ಜಮಾಲಸಾಬನೂ ಕೂಡಿಯೇ ಮೂವತ್ತು ಕುರಿ ಹೊಡೆದುಕೊಂಡು ಯಾದಗಿರಿಗೆ ಹೊರಟಿದ್ದರು. ಜಮಾಲಸಾಬ ಶಹಾಪುರದಲ್ಲೇ ತನ್ನಿಂದ ಅಗಲಿದ ಎಂದು ಊರಿಗೆಲ್ಲ ಹೇಳಿದ್ದು ಸುಳ್ಳು. ಭೀಮಾ ನದಿ ಇನ್ನೊಂದು ಹರದಾರಿ ಇರುವಾಗ ಗುರುತಿಲ್ಲದ ಹತ್ತು ಹನ್ನೆರಡು ಮಂದಿ ಕೊಡಲಿ ಹಿಡಿದು ಅಡ್ಡ ಬಂದರು. ಇಬ್ಬರೂ ಧೋತರ ಉಟ್ಟಿದ್ದರು, ಇಬ್ಬರ ಹೆಗಲ ಮೇಲೂ ಕಂಬಳಿಯಿತ್ತು. ಬಿಚ್ಚಿ ತೋರಿಸಿರಿ ಎಂದರು.

“ಮೊದಲು ನನ್ನ ನೋಡಿದ್ರು. ನಡಿ ಅಂದ್ರು. ಜಮಾಲ ನನ್ನ ಮುಖಾ ನೋಡಿದ. ಬಾಯಿಲೆ ಏನೂ ಅನ್ನಲಿಲ್ಲ. ಇವ ನಮ್ಮೂರವ, ನಮ್ಮ ಮನಿಯವ ಅಂತ ಒಂದು ಮಾತು ನಾ ಅನ್ನಬಹುದಿತ್ತು. ಅನ್ನಲಿಲ್ಲ. ಕುರಿ ಹೊಡ್ಕೊಂಡು ನಡದೆ. ಹಿಂದ ತಿರುಗಿ ನೋಡಲಿಲ್ಲ.” ಅವನು ಟಗರಿನ ಉಣ್ಣೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡ. “ಯಾವ ಗುರುತಿಗೆ ಅವನ್ನ ಬಿಟ್ಟು ಬಂದೆನೋ ಅದೇ ಗುರುತು ಈಗ ಕೊಯ್ಸಿ ಮೈಮ್ಯಾಲ ಹೊತ್ಕೊಂಡು ಹಜರಾಬೀ ಮುಂದ ಹೆಂಗ ತಿರುಗಲಿ? ಮತ್ತ ಅಂಥಾ ದಿನ ಬಂದ್ರ ನನ್ನ ಬಿಟ್ಟು ನಡಿಯೋ ಗೆಳೆಯ ಯಾವನೋ.”

ರೇಣಮ್ಮನ ಕೈಯಲ್ಲಿ ರೊಟ್ಟಿ ತಣ್ಣಗಾಯಿತು. ಎರಡು ವರ್ಷ ಅವಳು ಹಜರಾಬೀಯ ಪಕ್ಕದಲ್ಲಿ ಕುಳಿತು, ಬರ್ತಾನ ತಡಿ, ಹೈದರಾಬಾದಿಗೆ ಹೋಗಿದ್ದಾನು ಎಂದು ಸಮಾಧಾನ ಹೇಳಿದ್ದಳು. ಆ ಹೆಂಗಸು ಆ ಮಾತನ್ನು ನಂಬಿ ಹಣೆಯನ್ನು ಗೋಡೆಗೆ ಆನಿಸಿ ಕಣ್ಣು ಒರೆಸಿಕೊಳ್ಳುತ್ತಿದ್ದಳು. ತಟ್ಟೆಯನ್ನು ನೆಲಕ್ಕಿಟ್ಟು ರೇಣಮ್ಮ ಎದ್ದು ಬಂದಳು. ಎರಡು ದಿನ ಗಂಡನೊಡನೆ ಮಾತಾಡಲಿಲ್ಲ. ಉಪ್ಪುನೀರು ಮಾತ್ರ ಹೊತ್ತಿಗೆ ಸರಿಯಾಗಿ ಕಾಸಿ ಇಡುತ್ತಿದ್ದಳು. ಸಿಟ್ಟು ಬೇರೆ, ನೀರು ಬೇರೆ.

ಮೂರನೆಯ ದಿನ ಬೆಳಗಿನಿಂದ ಅವನಿಗೆ ಒಂದು ಹನಿಯೂ ಹೊರಗೆ ಬರಲಿಲ್ಲ. ತೊಗಲಿನ ತುದಿ ಪುಗ್ಗೆಯಂತೆ ಉಬ್ಬಿತು. ಮಧ್ಯಾಹ್ನದ ಹೊತ್ತಿಗೆ ಕಿಬ್ಬೊಟ್ಟೆ ಕಲ್ಲಾಯಿತು. ಅವನು ನೆಲದ ಮೇಲೆ ಉರುಳಾಡತೊಡಗಿದ. ಆಗಲೂ ಬೇಡ, ಬೇಡ ಎಂದೇ ಅನ್ನುತ್ತಿದ್ದ. ರೇಣಮ್ಮ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕಿವಿಯ ಹತ್ತಿರ ಬಾಗಿದಳು.

“ಅವತ್ತು ಬಾಯಿ ಬಿಡಲಿಲ್ಲ, ಅದು ಮುಗೀತು. ಇವತ್ತು ಸತ್ರ ಆ ಮಾತು ನಿಮ್ಮ ಕೂಡ ಮಣ್ಣಿಗೆ ಹೋಗತದ. ಹಜರಾಬೀಗೆ ಯಾರು ಹೇಳ್ತಾರ? ನಾ ಹೇಳಂಗಿಲ್ಲ. ಬದುಕಿ ನೀವೇ ಹೇಳ್ರಿ.”

ಅವನು ಕಣ್ಣು ಮುಚ್ಚಿದ. ಬೇಡ ಎನ್ನುವುದು ನಿಂತಿತು. ಅಷ್ಟರಲ್ಲಿ ಮಲಕಮ್ಮ ಅಂಗಳದಲ್ಲಿ ಮೊಮ್ಮಗನ ಮೇಲೆ ಕೂಗಾಡುತ್ತಿದ್ದಳು. “ಬಂಡಿ ಹೂಡಲೇ ಮಲ್ಕಾ, ನಿಂತು ಏನು ನೋಡಾಕತ್ತಿ? ಬೀರಪ್ಪ ಏನರ ಅಂದ್ರ ನನ್ನ ಕೇಳಂತ ಹೇಳ್ತೀನಿ. ಹಡದಾಕಿ ನಾನು, ಅವನಲ್ಲ.”

ಡಾಕ್ಟರ್ ಮಹಾದೇವಪ್ಪ ಸೂಜಿ ಚುಚ್ಚಿ ಮರಗಟ್ಟಿಸಿ ಮುಕ್ಕಾಲು ಗಂಟೆಯಲ್ಲಿ ಕೆಲಸ ಮುಗಿಸಿದರು. ಒಳಗಿನಿಂದ ಉಚ್ಚೆ ತುಂಬಿದ ಬೋಗುಣಿ ಹೊರಗೆ ಬಂದಾಗ ಮಲಕಮ್ಮ ಅದಕ್ಕೇ ಕೈ ಮುಗಿದಳು. ಸಕ್ಕರೆ ಇಳಿಯಲೆಂದು ದಿನಾ ಸೂಜಿ ಮದ್ದು ಕೊಟ್ಟು ಐದನೆಯ ದಿನ ಮನೆಗೆ ಕಳಿಸಿದರು. ಈ ರೋಗದವರ ಗಾಯ ನಿಧಾನಕ್ಕೆ ಮಾಯುತ್ತದೆ, ಬಾಯಿ ಕಟ್ಟಿದರೆ ಮಾತ್ರ ಮಾಯುತ್ತದೆ ಎಂದು ಮುದುಕಿಯ ಕಡೆ ನೋಡಿಯೇ ಹೇಳಿದರು.

ಮನೆಯಲ್ಲಿ ಹೊಸ ಫಜೀತಿ ಶುರುವಾಯಿತು. ಉಟ್ಟ ಬಟ್ಟೆ ಗಾಯಕ್ಕೆ ಅಂಟುತ್ತಿತ್ತು. ಬಿಡಿಸುವಾಗ ರಕ್ತ ಬರುತ್ತಿತ್ತು. ರೇಣಮ್ಮನಿಗೆ ಉಪಾಯ ಹೊಳೆಯಲಿಲ್ಲ. ಎದುರು ಮನೆಯಿಂದ ಎರಡು ದಿನ ನರಳುವುದನ್ನು ಕೇಳಿಸಿಕೊಂಡ ಹಜರಾಬೀ ಮೂರನೆಯ ದಿನ ದಾರದ ಉಂಡೆ ಹಿಡಿದು ಬಂದು ಬಾಗಿಲಲ್ಲಿ ನಿಂತಳು.

“ರೇಣಕ್ಕ, ತೊಲಿಗೆ ಒಂದು ದಾರ ಇಳಿಬಿಡು. ಹೊದ್ದ ಲುಂಗಿ ನಡುವ ಅದಕ ಕಟ್ಟಿ ಮ್ಯಾಲಕ ಎತ್ತು. ಬಟ್ಟಿ ಮೈಗೆ ತಾಕಂಗಿಲ್ಲ, ಗಾಳಿನೂ ಆಡತದ. ನಮ್ಮ ಮನಿಯಾಗ ಖತ್ನಾ ಆದ ಹುಡುಗರಿಗೆ ಹಿಂಗೇ ಮಾಡ್ತೇವಿ.”

ರೇಣಮ್ಮ ದಾರ ಇಸಿದುಕೊಂಡಳು. ಆ ಮುಖವನ್ನು ನೋಡಲಾಗದೆ ತೊಲೆಯನ್ನೇ ನೋಡುತ್ತ ಕಟ್ಟಿದಳು. ಬಟ್ಟೆ ಗುಡಾರದಂತೆ ಎದ್ದು ನಿಂತಿತು. ಭಗವಂತರಾಯ ವಾರದಲ್ಲಿ ಮೊದಲ ಸಲ ನೆಮ್ಮದಿಯ ಉಸಿರು ಬಿಟ್ಟ. ಹಜರಾಬೀ ಹೊಸ್ತಿಲಿನಿಂದ ತಿರುಗಿ ಹೊರಟಾಗ ಅವನು ಕೂಗಿದ.

“ಹಜರಾಬೀ, ಒಳಗ ಬಾರವ್ವ. ಒಂದು ಮಾತದ.”

ಅವನು ಹೇಳಿದ, ಹಟ್ಟಿಯಲ್ಲಿ ಹೇಳಿದ್ದನ್ನೇ. ಕೊಡಲಿಯವರು, ಬಿಚ್ಚಿದ ಧೋತರ, ಗೆಳೆಯ ತನ್ನ ಮುಖ ನೋಡಿದ್ದು, ತಾನು ಬಾಯಿ ಬಿಡದೆ ನಡೆದದ್ದು. ಯಾವುದನ್ನೂ ಮೆತ್ತಗೆ ಮಾಡಲಿಲ್ಲ. ಮಲಕಮ್ಮ ಒಲೆಯ ಮುಂದೆ ಹಿಟ್ಟಿನ ಕೈಯಲ್ಲೇ ಕಲ್ಲಾಗಿ ಕುಳಿತಳು. ಹಜರಾಬೀ ಶಾಪ ಹಾಕುತ್ತಾಳೆ, ಮಣ್ಣು ತೂರುತ್ತಾಳೆ ಎಂದು ರೇಣಮ್ಮ ಕಾಯುತ್ತಿದ್ದಳು. ಹಾಕಲಿ ಎಂದೇ ಅವಳ ಮನಸ್ಸು ಹೇಳುತ್ತಿತ್ತು.

ಹಜರಾಬೀ ಗೋಡೆ ಹಿಡಿದು ಕುಳಿತಳು. ಅಲ್ಲಿಂದಲೇ ಕೇಳಿದಳು. “ಯಾವ ಜಾಗಾ? ಅಲ್ಲಿ ಗಿಡ ಇತ್ತೇನು, ನೆಳ್ಳಿತ್ತೇನು?”

“ಎರಡು ಜಾಲಿ ಗಿಡ ಇದ್ವು.”

“ಎರಡು ವರುಷ ಮಂದಿ ಬರ್ತಾನ ಅಂದ್ರು. ಒಬ್ಬರೂ ಹೋದ ಅನ್ನಲಿಲ್ಲ. ಸತ್ತಾನ ಅಂತ ಫಾತಿಯಾ ಓದಾಕ ನನಗ ಬಾಯಿ ಬರಲಿಲ್ಲ, ಎಲ್ಲಿ ಅಂತ ಓದಲಿ? ನೀವು ಅವತ್ತೇ ಹೇಳಿದ್ರ ಅಷ್ಟರ ಆಗತಿತ್ತು.” ಅವಳು ಎದ್ದಳು. “ನಿಮ್ಮನ್ನ ಮಾಫ್ ಮಾಡೋದು ಬಿಡೋದು ನನಗ ತಿಳಿವಲ್ದು, ಅಣ್ಣಾ. ಕಾಲಾಗ ಬಲ ಬಂದ ದಿನ ಆ ಜಾಗಾ ತೋರಿಸ್ರಿ.”

ಗಾಯ ಮಾಯಲು ಮತ್ತೆ ಮೂರು ವಾರ ಹಿಡಿಯಿತು. ಡಾಕ್ಟರು ಕೊಳವೆ ಕಾಸಿ ಹಸಿರಿನಲ್ಲೇ ನಿಂತಿತು ಎಂದು ತೋರಿಸಿದ ಮರುದಿನ, ನಸುಕಿನಲ್ಲಿ ಮಲ್ಕಪ್ಪ ಬಂಡಿ ಹೂಡಿದ. ಹಜರಾಬೀ ಮತ್ತು ರೇಣಮ್ಮ ಒಳಗೆ ಕುಳಿತರು. ಊರ ಅಗಸಿ ಬಾಗಿಲ ಹತ್ತಿರ ಗೌಡರ ಮನೆಯ ಆಳು ಎತ್ತ ಹೊರಟಿರಿ ಎಂದು ಕೇಳಿದ. ಮೊದಲಾಗಿದ್ದರೆ ಭಗವಂತರಾಯ ಸಂತೆಗೆ ಎನ್ನುತ್ತಿದ್ದ.

“ಜಮಾಲಸಾಬನ್ನ ನಾ ಬಿಟ್ಟು ಬಂದ ಜಾಗಕ್ಕ,” ಎಂದ. ಇನ್ನೂ ನಾಲ್ಕು ಜನರಿಗೆ ಕೇಳುವಂತೆಯೇ ಅಂದ.

ಶಹಾಪುರ ದಾಟಿ ಬಹಳ ದೂರ ಹೋದ ಮೇಲೆ ಅವನು ಬಂಡಿಯಿಂದಿಳಿದು ಮುಂದೆ ನಡೆಯತೊಡಗಿದ. ಒಂದು ಜಾಲಿ ಗಿಡದ ಹತ್ತಿರ ನಿಂತ. ಇನ್ನೊಂದನ್ನು ಯಾರೋ ಕಡಿದೊಯ್ದಿದ್ದರು. ಸುತ್ತಲೂ ಬಿಳಿಜೋಳದ ಹೊಲ. ಹೆಂಗಸರು ಹತ್ತಿರ ಬಂದಾಗ ಅವನು ದಾರಿಯ ನಡುವೆ ಒಂದು ಗೆರೆಯ ಮುಂದೆ ನಿಂತಂತೆ ನಿಂತಿದ್ದ.

“ಇಲ್ಲಿತನಕ ಇಬ್ಬರೂ ಬಂದ್ವಿ. ಇಲ್ಲಿಂದ ನಾ ಒಬ್ಬನೇ ಹೋದೆ. ಆಮ್ಯಾಲ ಅವನ್ನ ಯಾ ಕಡೆ ಒಯ್ದ್ರು ಅಂತ…” ಅವನು ಎರಡೂ ಕಡೆಯ ಹೊಲವನ್ನು ನೋಡಿದ. “ನಾ ನೋಡಲಿಲ್ಲವ್ವ. ನೋಡಿದ್ದರ ಹೇಳತಿದ್ನಿ.”

ಹಜರಾಬೀ ಆ ಹೊಲವನ್ನೂ ಈ ಹೊಲವನ್ನೂ ನೋಡಿದಳು. ಆಮೇಲೆ ಸೆರಗು ತಲೆಯ ಮೇಲೆಳೆದುಕೊಂಡು ದಾರಿಯ ಮಣ್ಣಿನಲ್ಲೇ ಕುಳಿತು, ಎರಡೂ ಅಂಗೈ ಬಿಡಿಸಿದಳು. ರೇಣಮ್ಮ ಅವಳ ಪಕ್ಕದಲ್ಲಿ ಕುಳಿತಳು. ಬಿಸಿಲು ಏರುತ್ತಿತ್ತು. ಮಲ್ಕಪ್ಪ ತಂದೆಯನ್ನು ನೆಳಲಿಗೆ ಬರ್ರಿ ಎಂದು ಎರಡು ಸಲ ಕರೆದ. ಹಜರಾಬೀ ಫಾತಿಯಾ ಓದಿ ಮುಗಿಸಿ ಮುಖ ಒರೆಸಿಕೊಳ್ಳುವವರೆಗೂ ಭಗವಂತರಾಯ ನಿಂತಲ್ಲಿಂದ ಕದಲಲಿಲ್ಲ.